ಒಂದಕ್ಕೆ, ಎರಡಕ್ಕೆ: ದೊಡ್ಡ ನಾಯಿಗೆ ಮನೆಯ ಪಾಠ

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯ ಹಳ್ಳಿಗಳಿಂದ ಬಂದ ನಮಗೆ ನಾಯಿ ಏನೂ ಹೊಸದಲ್ಲ. ಕುರಿಹಟ್ಟಿಯಲ್ಲಿ, ಅಡಿಕೆ ತೋಟದಲ್ಲಿ, ಮನೆ ಮುಂದಿನ ಜಗುಲಿಯಲ್ಲಿ ಒಂದಲ್ಲ ಒಂದು ನಾಯಿ ಬಿದ್ದಿರೋದನ್ನ ನೋಡ್ಕೊಂಡೇ ಬೆಳೆದವರು ನಾವು. ಆದರೆ ಅದಕ್ಕೆ ಒಂದಕ್ಕೆ, ಎರಡಕ್ಕೆ ಎಲ್ಲಿ ಹೋಗಬೇಕು ಅಂತ ಯಾರೂ ಕಲಿಸಿದ್ದನ್ನ ನೋಡಿಲ್ಲ. ಕಲಿಸೋ ಅಗತ್ಯವೇ ಇರಲಿಲ್ಲ. ಹೊಸ್ತಿಲು ದಾಟಿದರೆ ಒಳಗಿನಿಂದ ‘ಹಚಾ’ ಅನ್ನೋ ಕೂಗು ಬರ್ತಿತ್ತು, ನಾಯಿ ಹಿತ್ತಲಿಗೆ ಹೋಗ್ತಿತ್ತು, ಅಲ್ಲಿಗೆ ವಿಷಯ ಮುಗೀತು. ‘ಹೌಸ್ ಟ್ರೈನಿಂಗ್’ ಅನ್ನೋದಕ್ಕೆ ನಮ್ಮಲ್ಲಿ ಒಂದು ಸರಿಯಾದ ಪದ ಇಲ್ಲದಿರೋದಕ್ಕೂ ಬಹುಶಃ ಇದೇ ಕಾರಣ. ಜಗುಲಿಯೂ ಹಿತ್ತಲೂ ಇಲ್ಲದ ಮನೆಗೆ ನಾಯಿ ಬಂದಾಗ ಮಾತ್ರ ಅದೊಂದು ಸಮಸ್ಯೆ. ಚಿತ್ರದುರ್ಗದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ, ಟೈಲ್ಸ್ ನೆಲ, ಕೆಳಗಡೆ ಓನರ್ ಆಂಟಿ. ನಮ್ಮದು ಅದೇ ಪರಿಸ್ಥಿತಿ.

ಈಗ ಯಾಕೆ ಈ ಬರಹ ಅಂದರೆ, ಕ್ಯಾಂಪಸ್ ನಾಯಿಗಳ ಮಾತು ಎಲ್ಲ ಕಾಲೇಜುಗಳಲ್ಲೂ ನಡೀತಿದೆ. 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಿಕ್ಷಣ ಸಂಸ್ಥೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಂಥ ಜಾಗಗಳಿಂದ ಬೀದಿನಾಯಿಗಳನ್ನ ತೆರವು ಮಾಡಬೇಕು, ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಆದ ಮೇಲೂ ಅದೇ ಜಾಗಕ್ಕೆ ವಾಪಸ್ ಬಿಡಬಾರದು ಅಂತ ಹೇಳಿತು. ಅದಕ್ಕೂ ಮುಂಚೆ, ಅದೇ ವರ್ಷ ಆಗಸ್ಟ್ 22ರ ಆದೇಶದಲ್ಲಿ, ಬೀದಿನಾಯಿಯನ್ನ ದತ್ತು ತೆಗೆದುಕೊಳ್ಳಬಹುದು, ಆದರೆ ಹಾಗೆ ತಗೊಂಡವರು ಅದು ಮತ್ತೆ ಬೀದಿಗೆ ಬೀಳದಂತೆ ನೋಡಿಕೊಳ್ಳಬೇಕು ಅಂತಲೂ ಇತ್ತು. ಕ್ಯಾಂಟೀನ್ ಹಿಂದೆ ಮೂರು ವರ್ಷ ಬಿಸ್ಕೆಟ್ ತಿಂದ ನಾಯಿಯನ್ನ ಯಾರಾದರೂ ಮನೆಗೆ ಕರ್ಕೊಂಡು ಹೋಗಬೇಕು ಅಂತ ನಮಗೆಲ್ಲ ಅನಿಸಿದ್ದು ಸಹಜ. ಕರ್ಕೊಂಡು ಹೋದವರ ಮನೆಯಲ್ಲಿ ಹತ್ತನೇ ದಿನಕ್ಕೆ ಜಗಳ ಶುರುವಾಗೋದು ಬೊಗಳಾಟಕ್ಕಿಂತ ಹೆಚ್ಚಾಗಿ ನೆಲದ ಮೇಲಿನ ಉಚ್ಚೆಯಿಂದ. ಓನರ್ ‘ನಾಯಿ ಇರಬೇಕು, ಇಲ್ಲ ನೀವಿರಬೇಕು’ ಅಂದಾಗ ಅದನ್ನ ಮತ್ತೆ ಯಾವುದೋ ಹೈವೇ ಪಕ್ಕ ಬಿಟ್ಟು ಬರೋ ಸ್ಥಿತಿ ಬರುತ್ತೆ. ಗುರುತಿಲ್ಲದ ಜಾಗ, ಬೇರೆ ನಾಯಿಗಳ ಗುಂಪು, ಲಾರಿಗಳು. ಅಲ್ಲಿ ಅದು ಎಷ್ಟು ದಿನ ಬದುಕೀತು ಅನ್ನೋದನ್ನ ನೀವೇ ಊಹಿಸ್ಕೊಳ್ಳಿ.

ಮೊದಲು ಒಂದು ಒಳ್ಳೇ ಸುದ್ದಿ. ದೊಡ್ಡ ನಾಯಿಗೆ ಕಲಿಸೋದು ಮರಿಗೆ ಕಲಿಸೋದಕ್ಕಿಂತ ಕಷ್ಟ ಅಂತ ಎಲ್ಲರೂ ಹೇಳ್ತಾರೆ. ಈ ವಿಷಯದಲ್ಲಿ ಅದು ಉಲ್ಟಾ. ಎರಡು ತಿಂಗಳ ಮರಿಗೆ ಮೂತ್ರಕೋಶದ ಮೇಲೆ ಹಿಡಿತವೇ ಇರಲ್ಲ, ಎರಡು ಗಂಟೆಗೊಮ್ಮೆ ಬೇಕೇ ಬೇಕು. ಆರೋಗ್ಯವಾಗಿರೋ ದೊಡ್ಡ ನಾಯಿ ಆರರಿಂದ ಎಂಟು ಗಂಟೆ ತಡೆದುಕೊಳ್ಳಬಲ್ಲದು. ಜೊತೆಗೆ, ನಾಯಿಗೆ ತಾನು ಮಲಗೋ ಜಾಗ ಹೊಲಸು ಮಾಡಿಕೊಳ್ಳೋದು ಹುಟ್ಟಿನಿಂದಲೇ ಇಷ್ಟವಿಲ್ಲ. ಬೀದಿಯಲ್ಲಿ ಬೆಳೆದ ನಾಯಿ ಮಣ್ಣು, ಹುಲ್ಲು, ಮರಳಿನ ಗುಡ್ಡೆ ಹುಡುಕಿಕೊಂಡು ಹೋಗೋದನ್ನ ಆಗಲೇ ಕಲಿತಿರುತ್ತೆ. ಕಾಲಿಗೆ ಯಾವ ನೆಲ ತಾಗಿದರೆ ‘ಇದೇ ಜಾಗ’ ಅನಿಸುತ್ತೆ ಅನ್ನೋದು ಅದರ ತಲೆಯಲ್ಲಿ ಗಟ್ಟಿಯಾಗಿ ಕೂತಿರುತ್ತೆ. ಕಷ್ಟ ಇರೋದು ಸಿಮೆಂಟ್ ನೆಲದ ಗೂಡಿನಲ್ಲಿ ಅಥವಾ ಕಾರ್ ಶೆಡ್ಡಿನಲ್ಲಿ ಸರಪಳಿ ಹಾಕಿಸಿಕೊಂಡೇ ಬೆಳೆದ ನಾಯಿಗೆ. ಅದಕ್ಕೆ ಬೇರೆ ದಾರಿಯೇ ಇಲ್ಲದೆ ಸಿಮೆಂಟೇ ಶೌಚಾಲಯ ಆಗಿರುತ್ತೆ, ಮನೆಯ ನೆಲವೂ ಅದಕ್ಕೆ ಅಂಥದ್ದೇ. ಆದ್ದರಿಂದ ನಾಯಿ ತರುವಾಗ ಅದು ಎಲ್ಲಿತ್ತು, ಯಾವ ನೆಲದ ಮೇಲಿತ್ತು ಅಂತ ಕೇಳಿ. ಜಾತಿ ಯಾವುದು ಅಂತ ಕೇಳೋದಕ್ಕಿಂತ ಇದು ಉಪಯೋಗದ ಪ್ರಶ್ನೆ.

ಹಾಗಾದರೆ ಮಣ್ಣಿನ ಅಭ್ಯಾಸ ಇರೋ ನಾಯಿ ಮನೆಯೊಳಗೆ ಯಾಕೆ ಮಾಡುತ್ತೆ? ಬೀದಿಯಲ್ಲಿ ಬಾಗಿಲು ಇರಲಿಲ್ಲ, ಬೇಕೆನಿಸಿದಾಗ ಹೋಗ್ತಿತ್ತು. ಈಗ ಬಾಗಿಲು ಹಾಕಿದೆ, ತೆಗೆಸೋಕೆ ಹೇಗೆ ಕೇಳಬೇಕು ಅಂತ ಅದಕ್ಕೆ ಗೊತ್ತಿಲ್ಲ. ಮನೆ ಪೂರ್ತಿ ತಾನು ಮಲಗೋ ಜಾಗ ಅನ್ನೋದೂ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಮಲಗೋದು ಸೋಫಾ ಪಕ್ಕದ ಗೋಣಿಚೀಲದ ಮೇಲೆ, ಆಚೆ ರೂಮು ಅಂದರೆ ಬೇರೆ ಊರೇ ಸರಿ. ನಾವು ಕಲಿಸಬೇಕಾದ್ದು ಈ ಎರಡೇ ಸಂಗತಿ.

ನಾವು ನಾಲ್ಕು ಜನ ಸಾಕಿರೋ ಕೆಂಚಿಗೆ ಸುಮಾರು ಮೂರು ವರ್ಷ. ಕಿವಿಯ ತುದಿ ಕತ್ತರಿಸಿದೆ, ಅಂದರೆ ಸಂತಾನಹರಣ ಆಗಿದೆ ಅನ್ನೋ ಗುರುತು. ಅವಳು ಬಂದ ದಿನದಿಂದ ನಾವು ಮಾಡಿದ ಮೊದಲ ಕೆಲಸ ಗೋಡೆಗೆ ಒಂದು ಹಾಳೆ ಅಂಟಿಸಿದ್ದು. ಊಟ ಎಷ್ಟೊತ್ತಿಗೆ, ನೀರು ಎಷ್ಟೊತ್ತಿಗೆ, ಒಂದಕ್ಕೆ ಯಾವಾಗ, ಎರಡಕ್ಕೆ ಯಾವಾಗ. ನಾಲ್ಕು ದಿನದಲ್ಲೇ ನಕ್ಷೆ ಕಾಣಿಸ್ತು. ಹೊಟ್ಟೆಗೆ ಊಟ ಬಿದ್ದ ಕೂಡಲೇ ಕರುಳು ಜಾಗ ಖಾಲಿ ಮಾಡೋಕೆ ಶುರು ಮಾಡುತ್ತೆ, ಮನುಷ್ಯರಲ್ಲೂ ಹಾಗೇ. ಹೆಚ್ಚಿನ ನಾಯಿಗಳು ಊಟವಾಗಿ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಎರಡಕ್ಕೆ ಹೋಗ್ತವೆ. ನಿದ್ದೆಯಿಂದ ಎದ್ದಾಗ, ಆಟ ಆಡಿ ಮುಗಿದಾಗ, ರಾತ್ರಿ ಮಲಗೋ ಮುಂಚೆ ಒಂದಕ್ಕೆ ಬೇಕು. ತಟ್ಟೆಯಲ್ಲಿ ದಿನವಿಡೀ ಅನ್ನ ಇಟ್ಟಿದ್ದರೆ ಈ ನಕ್ಷೆ ಸಿಗಲ್ಲ. ಎರಡೇ ಹೊತ್ತು ಊಟ, ಹದಿನೈದು ನಿಮಿಷ ಬಿಟ್ಟು ತಟ್ಟೆ ಎತ್ತಿಬಿಡಬೇಕು. ನೀರನ್ನ ಮಾತ್ರ ಯಾವತ್ತೂ ಕಡಿಮೆ ಮಾಡಬಾರದು, ದುರ್ಗದ ಏಪ್ರಿಲ್ ಬಿಸಿಲಲ್ಲಂತೂ ಬೇಡವೇ ಬೇಡ.

ಮೊದಲ ಎರಡು ವಾರ ನಾಯಿ ಕೇಳಲಿ ಅಂತ ಕಾಯಬಾರದು, ನಾವೇ ಕರ್ಕೊಂಡು ಹೋಗ್ಬೇಕು. ಬೆಳಗ್ಗೆ ಎದ್ದ ತಕ್ಷಣ, ಊಟದ ನಂತರ, ಕ್ಲಾಸಿಗೆ ಹೊರಡೋ ಮುಂಚೆ, ಬಂದ ತಕ್ಷಣ, ಸಂಜೆ, ರಾತ್ರಿ. ಬೆಲ್ಟ್ ಹಾಕಿ, ದಿನಾ ಅದೇ ಖಾಲಿ ಸೈಟಿಗೆ. ಅಲ್ಲಿ ನಿಂತುಕೊಳ್ಳಿ, ಮಾತಾಡಬೇಡಿ, ಮೊಬೈಲ್ ಜೇಬಲ್ಲಿರಲಿ. ಅದು ಮೂಸಿ ಮೂಸಿ ಸುತ್ತು ಹೊಡೀತಾ ಇರುವಾಗ ಮೆಲ್ಲಗೆ ಒಂದೇ ಪದ ಹೇಳಿ. ನಮ್ಮದು ‘ಮುಗಿಸು’. ಮುಗಿಸಿದ ಒಂದೆರಡು ಸೆಕೆಂಡಿನಲ್ಲೇ ‘ಭೇಷ್’ ಅಂದು ಬೇಯಿಸಿದ ಮೊಟ್ಟೆಯ ಚೂರೋ, ಉಪ್ಪಿಲ್ಲದ ಹುರಿದ ಕಡ್ಲೆಬೀಜದ ಒಂದು ಬೇಳೆಯೋ ಕೊಡಿ. ಮನೆಗೆ ಬಂದ ಮೇಲೆ ಕೊಟ್ಟರೆ ಅದಕ್ಕೆ ಅರ್ಥವಾಗೋದು ‘ಮನೆಗೆ ಬಂದರೆ ಮೊಟ್ಟೆ’ ಅಂತ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಹೇಳಬೇಕಿಲ್ಲ, ಫೀಡ್‌ಬ್ಯಾಕ್ ತಡವಾದಷ್ಟೂ ಸಿಸ್ಟಮ್ ದಾರಿ ತಪ್ಪುತ್ತೆ. ಇನ್ನೊಂದು ಸಂಗತಿ: ಮುಗಿಸಿದ ಕೂಡಲೇ ದರದರ ಎಳೆದುಕೊಂಡು ಒಳಗೆ ಬರಬೇಡಿ. ಉಚ್ಚೆ ಹೊಯ್ದರೆ ವಾಕಿಂಗ್ ಮುಗೀತು ಅಂತ ಗೊತ್ತಾದ ನಾಯಿ ಅರ್ಧ ಗಂಟೆ ತಡೆದುಕೊಂಡು ನಿಮ್ಮನ್ನ ಓಡಾಡಿಸುತ್ತೆ. ಜಾಣ ಪ್ರಾಣಿ ಅದು.

ಹೊರಗೆ ಹತ್ತು ನಿಮಿಷ ನಿಂತರೂ ಏನೂ ಮಾಡಲಿಲ್ಲವಾ? ಒಳಗೆ ಬಂದು ಅದನ್ನ ಬಿಡಬೇಡಿ. ಪಕ್ಕದಲ್ಲೇ ಕೂರಿಸಿಕೊಳ್ಳಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಹೊರಗೆ. ಮನೆಯೊಳಗಿನ ನಿಯಮ ಇಷ್ಟೇ. ನಾಯಿ ನಮ್ಮಲ್ಲಿ ಒಬ್ಬರ ಕಣ್ಣೆದುರಿಗಿರಬೇಕು, ಇಲ್ಲವಾದರೆ ಅದರ ಹಾಸಿಗೆ ಇರೋ ಸಣ್ಣ ಜಾಗದಲ್ಲಿರಬೇಕು. ಕೆಂಚಿಗೆ ಮೊದಲ ವಾರ ಹಾಲ್ ಮಾತ್ರ. ಒಂದು ವಾರ ಒಳಗೆ ಏನೂ ಆಗದಿದ್ದ ಮೇಲೆ ಒಂದು ರೂಮು, ಆಮೇಲೆ ಇನ್ನೊಂದು. ಸಣ್ಣ ಜಾಗ ಅಂದರೆ ಬಾತ್‌ರೂಮಿನಲ್ಲಿ ಕೂಡಿಹಾಕೋದು ಅಲ್ಲ. ಅಲ್ಲಿ ನೀರು ಹರಿಯೋ ಸಿಮೆಂಟ್ ನೆಲ, ನಮ್ಮದೇ ಉಚ್ಚೆಯ ವಾಸನೆ ಬೇರೆ. ಅಲ್ಲಿ ಕಲಿಯೋದು ಏನು ಅಂತ ಹೇಳಬೇಕಿಲ್ಲ.

ಒಳಗೆ ಮಾಡಿಬಿಟ್ಟರೆ ಮೂತಿ ಹಿಡಿದು ಅದಕ್ಕೇ ಒತ್ತಿ, ಎರಡು ಏಟು ಕೊಡಬೇಕು ಅನ್ನೋ ಸಲಹೆ ನಮಗೂ ಬಂತು, ಅದೂ ಪ್ರೀತಿಯಿಂದಲೇ ಹೇಳಿದವರಿಂದ. ಅದನ್ನ ಮಾಡಬೇಡಿ. ಹತ್ತು ನಿಮಿಷದ ಹಿಂದಿನ ಕೆಲಸಕ್ಕೂ ಈಗಿನ ಏಟಿಗೂ ನಾಯಿ ಗಂಟು ಹಾಕಲ್ಲ. ತಲೆ ತಗ್ಗಿಸಿ, ಬಾಲ ಮುದುರಿ ನಿಲ್ಲೋದನ್ನ ನೋಡಿ ‘ತಪ್ಪು ಗೊತ್ತಾಯ್ತು’ ಅಂತೀವಿ. ಅದು ನಮ್ಮ ಸಿಟ್ಟಿನ ಮುಖಕ್ಕೆ ಹೆದರಿದ್ದು, ಅಷ್ಟೇ. ಅದು ಕಲಿಯೋ ಪಾಠ ಒಂದೇ: ಮನುಷ್ಯರ ಎದುರಿಗೆ ಉಚ್ಚೆ ಹೊಯ್ದರೆ ಏಟು. ಆಮೇಲೆ ಮಂಚದ ಕೆಳಗೆ ಹೋಗಿ ಮಾಡುತ್ತೆ, ಹೊರಗೆ ಬೆಲ್ಟ್ ಹಿಡಿದು ನೀವು ಗಂಟೆಗಟ್ಟಲೆ ನಿಂತರೂ ನಿಮ್ಮೆದುರು ಮಾಡಲ್ಲ. ಮಾಡ್ತಾ ಇರುವಾಗಲೇ ಸಿಕ್ಕರೆ ಒಂದು ಚಪ್ಪಾಳೆ ತಟ್ಟಿ ತಡೆದು, ಹೊರಗೆ ಕರ್ಕೊಂಡು ಹೋಗಿ. ಆಗಿ ಹೋಗಿದ್ದರೆ ಬಟ್ಟೆ ತಗೊಂಡು ಒರೆಸಿ.

ಒರೆಸೋದರಲ್ಲೂ ಕೆಮಿಸ್ಟ್ರಿ ಇದೆ. ಮೂತ್ರದ ಯೂರಿಯಾವನ್ನ ಬ್ಯಾಕ್ಟೀರಿಯಾಗಳು ಒಡೆದಾಗ ಅಮೋನಿಯಾ ಬರುತ್ತೆ. ನಮ್ಮ ಮೂಗಿಗೆ ಹೋಯ್ತು ಅನಿಸಿದ ವಾಸನೆ ನಾಯಿಯ ಮೂಗಿಗೆ ಅಲ್ಲೇ ಇರುತ್ತೆ, ಅದು ಅದಕ್ಕೆ ‘ಶೌಚಾಲಯ ಇಲ್ಲಿದೆ’ ಅನ್ನೋ ಬೋರ್ಡು. ಫಿನೈಲ್ ಆ ವಾಸನೆಯ ಮೇಲೆ ಇನ್ನೊಂದು ವಾಸನೆ ಹೊದಿಸುತ್ತೆ, ಕೆಳಗಿನದು ಹೋಗಲ್ಲ. ಅಮೋನಿಯಾ ಇರೋ ಕ್ಲೀನರ್ ಅಂತೂ ಬೋರ್ಡಿಗೆ ಇನ್ನೊಂದು ಕೋಟ್ ಪೇಂಟ್ ಹೊಡೆದ ಹಾಗೆ. ಎನ್‌ಜೈಮ್ ಇರೋ ಪೆಟ್ ಕ್ಲೀನರ್ ಸಿಕ್ಕರೆ ಉತ್ತಮ, ಕೆಲಸ ಮಾಡೋಕೆ ಅದಕ್ಕೆ ಸ್ವಲ್ಪ ಹೊತ್ತು ಬಿಡಬೇಕು. ಸಿಗದಿದ್ದರೆ ಮೊದಲು ಒಣಬಟ್ಟೆಯಲ್ಲಿ ಹೀರಿಸಿ, ಸೋಪಿನ ನೀರಲ್ಲಿ ತೊಳೆದು, ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ. ಅಮೋನಿಯಾ ಪ್ರತ್ಯಾಮ್ಲ, ವಿನೆಗರ್ ಆಮ್ಲ, ಲೆಕ್ಕ ಸರಿಹೋಗುತ್ತೆ. ಟೈಲ್ಸ್ ಮೇಲೆ ಇದು ಸುಲಭ, ನಡುವಿನ ಸಂದು ಮಾತ್ರ ಕಾಟ ಕೊಡುತ್ತೆ. ಸಿಮೆಂಟ್ ನೆಲ ಹೀರಿಕೊಳ್ಳೋದರಿಂದ ಎರಡು ಮೂರು ಸಲ ಮಾಡಬೇಕು. ಬ್ಲೀಚಿಂಗ್ ಪೌಡರನ್ನ ಉಚ್ಚೆಯ ಮೇಲಾಗಲಿ, ವಿನೆಗರ್ ಅಥವಾ ಬಾತ್‌ರೂಮ್ ಆಸಿಡ್ ಜೊತೆಯಲ್ಲಾಗಲಿ ಹಾಕಲೇಬೇಡಿ. ಬರೋ ಗಾಳಿ ವಿಷ.

ಎಲ್ಲ ಉಚ್ಚೆಯೂ ಒಂದೇ ಅಲ್ಲ. ಗಂಡುನಾಯಿ ಕಾಲೆತ್ತಿ ಬಾಗಿಲ ಮೂಲೆ, ಗ್ಯಾಸ್ ಸಿಲಿಂಡರ್‌ಗೆ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಅದು ಗುರುತು ಹಾಕೋದು, ಮೂತ್ರಕೋಶ ತುಂಬಿದ್ದಕ್ಕಲ್ಲ. ಸಂತಾನಹರಣದ ನಂತರ ಬಹಳಷ್ಟು ನಾಯಿಗಳಲ್ಲಿ ಕಡಿಮೆಯಾಗುತ್ತೆ, ಎಲ್ಲದರಲ್ಲೂ ಅಲ್ಲ. ನೀವು ಬಾಗಿ ಮುಟ್ಟೋಕೆ ಹೋದಾಗ ನೆಲಕ್ಕೆ ಒರಗಿ ಉಚ್ಚೆ ಬಿಟ್ಟರೆ ಅದು ಭಯ. ಬೈಯ್ಯೋದರಿಂದ ಹೆಚ್ಚಾಗುತ್ತೆ. ಪಕ್ಕಕ್ಕೆ ತಿರುಗಿ ಕೂತು, ಅದೇ ಬರಲಿ ಅಂತ ಬಿಡಿ. ಗಣಪತಿ ಮೆರವಣಿಗೆಯ ಡಿಜೆ ದಿನ, ದೀಪಾವಳಿಯ ಮೂರು ದಿನ ಎಷ್ಟೇ ಕಲಿತ ನಾಯಿಯೂ ಹೊರಗೆ ಹೋಗೋಕೆ ಒಪ್ಪಲ್ಲ. ಸದ್ದು ಶುರುವಾಗೋ ಮುಂಚೆ ಸಂಜೆಯೇ ಮುಗಿಸಿಸಿ, ರಾತ್ರಿಗೆ ಟೆರೇಸಿನಲ್ಲಿ ಒಂದು ವ್ಯವಸ್ಥೆ ಇರಲಿ. ಅಗಲವಾದ ಟ್ರೇಯಲ್ಲಿ ಮಣ್ಣು, ಮೇಲೆ ತೆಂಗಿನ ನಾರಿನ ಪುಡಿ. ಹೊಸದುರ್ಗದ ಕಡೆಯ ಸ್ನೇಹಿತರಿದ್ದರೆ ಪುಡಿಗೆ ಬರವಿಲ್ಲ. ಹೊರಗೆ ಹೋಗೋ ಜಾಗದ ಒಂದು ಹಿಡಿ ಮಣ್ಣು ಅದಕ್ಕೆ ಸೇರಿಸಿದರೆ ಬೇಗ ಗುರುತು ಹಿಡಿಯುತ್ತೆ.

ಇನ್ನು, ಮೂರು ವಾರ ಒಳ್ಳೆಯದಾಗಿದ್ದು ಇದ್ದಕ್ಕಿದ್ದ ಹಾಗೆ ಕೆಟ್ಟರೆ, ಪದೇ ಪದೇ ಕೂತು ಹನಿ ಹನಿ ಹೊಯ್ದರೆ, ರಕ್ತ ಕಂಡರೆ, ನೀರು ವಿಪರೀತ ಕುಡಿದರೆ, ಮಲಗಿದ್ದಲ್ಲೇ ಒದ್ದೆಯಾದರೆ ಅದು ಪಾಠದ ಸಮಸ್ಯೆ ಅಲ್ಲ. ಮೂತ್ರನಾಳದ ಸೋಂಕು, ಕಲ್ಲು, ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ಏನು ಬೇಕಾದರೂ ಇರಬಹುದು. ಗೋಡೆಯ ಹಾಳೆಯ ಫೋಟೋ ತೆಗೆದುಕೊಂಡು ಪಶು ಆಸ್ಪತ್ರೆಗೆ ಹೋಗಿ. ‘ಸಾರ್, ಯಾಕೋ ಸರಿಯಿಲ್ಲ’ ಅನ್ನೋದಕ್ಕಿಂತ ‘ಮಂಗಳವಾರದಿಂದ ದಿನಕ್ಕೆ ಹನ್ನೊಂದು ಸಲ’ ಅಂದರೆ ಡಾಕ್ಟರಿಗೆ ಅರ್ಧ ಕೆಲಸ ಆಯ್ತು. ರೇಬಿಸ್ ಲಸಿಕೆ, ಜಂತುಹುಳದ ಔಷಧಿ ಹೇಗಿದ್ದರೂ ಮೊದಲ ವಾರವೇ ಆಗಬೇಕು. ಖಾಲಿ ಸೈಟಿನಲ್ಲಿ ಮಾಡಿದ್ದನ್ನ ಪೇಪರಿನಲ್ಲಿ ಎತ್ತಿ ಹಾಕೋದೂ ನಮ್ಮದೇ ಕೆಲಸ. ಆ ಮಣ್ಣಲ್ಲಿ ಮಕ್ಕಳು ಆಡ್ತಾರೆ, ಜಂತುವಿನ ಮೊಟ್ಟೆ ತಿಂಗಳುಗಟ್ಟಲೆ ಇರುತ್ತೆ.

ನಮಗೆ ನಿಜವಾದ ತಲೆನೋವು ಟೈಮ್‌ಟೇಬಲ್. ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕೂವರೆ, ಲ್ಯಾಬ್ ಇದ್ದರೆ ಐದು. ಹೊಸ ನಾಯಿಗೆ ಅಷ್ಟು ಹೊತ್ತು ಜಾಸ್ತಿ. ನಾಲ್ಕು ಜನರ ಬ್ರಾಂಚ್ ಬೇರೆ ಬೇರೆ ಇರೋದರಿಂದ ಮಧ್ಯಾಹ್ನ ಒಬ್ಬರಾದರೂ ಬಂದು ಹೋಗೋ ಹಾಗೆ ಪಾಳಿ ಹಾಕಿಕೊಂಡೆವು, ಇಂಟರ್ನಲ್ಸ್ ವಾರಕ್ಕೆ ಬೇರೆಯದೇ ಪಟ್ಟಿ. ಒಬ್ಬರೇ ಇರೋವರು, ದಿನವಿಡೀ ಹೊರಗಿರೋವರು ಈಗಲೇ ನಾಯಿ ತರಬೇಡಿ ಅಂತ ನಾವು ನೇರವಾಗಿ ಹೇಳ್ತೀವಿ, ಬೇಜಾರಾದರೂ ಪರವಾಗಿಲ್ಲ. ತರೋದಾದರೆ ಸೆಮಿಸ್ಟರ್ ರಜೆಯ ಮೊದಲ ದಿನ ತನ್ನಿ. ಓನರ್‌ಗೆ ಮೊದಲೇ ಹೇಳಿ. ನಮ್ಮ ಆಂಟಿ ‘ಮೆಟ್ಟಿಲ ಮೇಲೆ ಮಾಡಿದ್ರೆ ನೀವೇ ತೊಳೀಬೇಕು ಕಣ್ರಪ್ಪಾ’ ಅಂತ ಒಂದೇ ಷರತ್ತು ಹಾಕಿದರು. ಮೆಟ್ಟಿಲ ಮೇಲೆ ಎರಡು ಸಲ ಆಯ್ತು, ಎರಡು ಸಲವೂ ಅವರು ಏಳೋ ಮುಂಚೆಯೇ ತೊಳೆದಿದ್ದೆವು.

ಕೆಂಚಿಗೆ ಒಟ್ಟು ಹಿಡಿದದ್ದು ಇಪ್ಪತ್ತಾರು ದಿನ. ನಿಮ್ಮ ನಾಯಿಗೆ ಹತ್ತು ದಿನವೂ ಆಗಬಹುದು, ಎರಡು ತಿಂಗಳೂ ಆಗಬಹುದು. ಈಗ ಬೇಕಾದಾಗ ಬಾಗಿಲ ಹತ್ತಿರ ಹೋಗಿ ನಮ್ಮನ್ನ ತಿರುಗಿ ನೋಡ್ತಾಳೆ, ಬೊಗಳಲ್ಲ, ಕೆರೆಯಲ್ಲ. ಆದ್ದರಿಂದ ಯಾರಾದರೂ ಒಬ್ಬರು ಬಾಗಿಲ ಕಡೆ ಮುಖ ಮಾಡಿಯೇ ಓದಿಕೊಳ್ಳಬೇಕು. ರಜೆಗೆ ಅವಳನ್ನ ಹಿರಿಯೂರಿನ ಹಳ್ಳಿಮನೆಗೆ ಕರ್ಕೊಂಡು ಹೋಗೋದಿದೆ. ಮನೆ ಬದಲಾದರೆ ಹಳೆ ಪಾಠ ತಾನಾಗಿ ಜೊತೆಗೆ ಬರಲ್ಲ, ಅಲ್ಲಿ ಮತ್ತೆ ಮೂರು ನಾಲ್ಕು ದಿನ ಹಾಳೆ, ಮೊಟ್ಟೆ, ‘ಮುಗಿಸು’ ಎಲ್ಲ ಬೇಕಾಗುತ್ತೆ. ಬಸ್ಸಿಗೆ ಹತ್ತಿಸೋಕೆ ಕಂಡಕ್ಟರ್ ಒಪ್ಪಲ್ಲ ಅಂತ ಒಂದು ಗೂಡ್ಸ್ ಆಟೋ ಮಾತಾಡಿದ್ದೇವೆ.