ಪರದೇಶದ ಕರೆಂಟು, ನಮ್ಮ ಚಾರ್ಜರು



ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಿಂದ ಮಗಳ ಬಾಣಂತನಕ್ಕೆಂದೋ ಮೊಮ್ಮಗುವನ್ನು ನೋಡಲೆಂದೋ ಅಮೆರಿಕ, ಇಂಗ್ಲೆಂಡ್, ದುಬೈಗಳಿಗೆ ಹೊರಡುವ ಹಿರಿಯರಿದ್ದಾರೆ. ಅವರ ಪೆಟ್ಟಿಗೆಯಲ್ಲಿ ಸಾರಿನ ಪುಡಿ, ಹುಣಸೆಹಣ್ಣಿನ ಜೊತೆಗೆ ಮೊಬೈಲ್ ಚಾರ್ಜರು, ಕೆಲವೊಮ್ಮೆ ಮಿಕ್ಸಿಯೂ ಇರುತ್ತದೆ. ಅಲ್ಲಿ ಇವುಗಳನ್ನು ಪ್ಲಗ್ಗಿಗೆ ಹಾಕುವ ಮುನ್ನ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ವಿವರಿಸುತ್ತೇವೆ.

ನಮ್ಮ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಕರೆಂಟು ನಮಗೆ ಹೊಸದಲ್ಲ. ಆದರೆ ಎಲ್ಲ ದೇಶಗಳ ಕರೆಂಟೂ ಒಂದೇ ಅಲ್ಲ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ಇಂಗ್ಲೆಂಡ್, ದುಬೈಗಳಲ್ಲಿ ಒತ್ತಡ ಹೆಚ್ಚುಕಡಮೆ ನಮ್ಮಷ್ಟೇ. ಪ್ಲಗ್ಗಿನ ಕಡ್ಡಿಗಳು ಮಾತ್ರ ಮೂರು ಚೌಕ ಕಡ್ಡಿಗಳು. ಅಮೆರಿಕ, ಕೆನಡಾಗಳಲ್ಲಿ 120 ವೋಲ್ಟ್, 60 ಹರ್ಟ್ಸ್, ಕಡ್ಡಿಗಳು ಚಪ್ಪಟೆ. ಜಪಾನಿನಲ್ಲಿ 100 ವೋಲ್ಟ್ ಮಾತ್ರ.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ, ಚಾರ್ಜರಿನ ಮೇಲಿನ ಸಣ್ಣ ಅಕ್ಷರಗಳನ್ನು ಓದುವುದು. ‘ಇನ್‌ಪುಟ್’ ಎಂಬ ಪದದ ಮುಂದೆ 100-240 ವೋಲ್ಟ್, 50/60 ಹರ್ಟ್ಸ್ ಎಂದಿದ್ದರೆ ಅದು ಈ ಎಲ್ಲ ದೇಶಗಳಲ್ಲೂ ನಡೆಯುತ್ತದೆ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರುಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ಅವಕ್ಕೆ ಬೇಕಾದುದು ಅಡಾಪ್ಟರ್ ಒಂದೇ.

ಅಡಾಪ್ಟರ್ ಎಂದರೆ ತೋಟದ ಪೈಪಿನ ಜಾಯಿಂಟ್ ಇದ್ದ ಹಾಗೆ. ಅದು ಎರಡು ಪೈಪುಗಳನ್ನು ಕೂಡಿಸುತ್ತದೆಯೇ ಹೊರತು ನೀರಿನ ಒತ್ತಡವನ್ನು ಬದಲಿಸುವುದಿಲ್ಲ. ಕಡ್ಡಿ ಸಾಕೆಟ್ಟಿಗೆ ಕೂತಿತೆಂದ ಮಾತ್ರಕ್ಕೆ ಕರೆಂಟು ಸರಿಹೋಯಿತೆಂದು ತಿಳಿಯಬಾರದು.

ಬರೀ 220-240 ವೋಲ್ಟ್ ಎಂದು ಬರೆದಿರುವ ನಮ್ಮ ಮಿಕ್ಸಿಯನ್ನು ಅಮೆರಿಕಕ್ಕೆ ಒಯ್ಯದಿರುವುದೇ ಲೇಸು. ವೋಲ್ಟೇಜು ಇಳಿದಾಗ ಪಂಪ್‌ಸೆಟ್ಟು ತಿರುಗಲಾರದೆ ಗುಂಯ್‌ಗುಟ್ಟಿ ಬಿಸಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. 120 ವೋಲ್ಟಿನಲ್ಲಿ ಮಿಕ್ಸಿಯ ಪಾಡೂ ಅದೇ. ನೀರು ಕಾಯಿಸುವ 1000 ವಾಟಿನ ಕಾಯಿಲ್ ಅಲ್ಲಿ ಸುಮಾರು 270 ವಾಟಿನಷ್ಟೇ ಶಾಖ ಕೊಡುತ್ತದೆ.

ಇದಕ್ಕಿಂತ ಅಪಾಯದ್ದು ಅಲ್ಲಿಂದ ಇಲ್ಲಿಗೆ ತರುವ ಉಡುಗೊರೆ. ಮಗ ಪ್ರೀತಿಯಿಂದ ಕೊಡಿಸಿದ ಕಾಫಿ ಯಂತ್ರ 120 ವೋಲ್ಟಿನದಾಗಿದ್ದು ಅದನ್ನು ನಮ್ಮ 230 ವೋಲ್ಟಿಗೆ ಹಾಕಿದರೆ, ಶಾಖ ಮೂರೂವರೆ ಪಟ್ಟಿಗೂ ಮೇಲೇರಲು ಹೋಗಿ ಯಂತ್ರ ಸುಡುತ್ತದೆ, ಬೆಂಕಿಯೂ ಹತ್ತಬಹುದು. ಅಂಥದಕ್ಕೆ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಅದರ ವಾಟ್ ಸಾಮರ್ಥ್ಯ ಯಂತ್ರದ ವಾಟಿಗಿಂತ ಹೆಚ್ಚಿರಬೇಕು. ಅಷ್ಟು ಭಾರ, ಅಷ್ಟು ಖರ್ಚಿಗಿಂತ ಆಯಾ ದೇಶದಲ್ಲಿ ಆಯಾ ದೇಶದ ಯಂತ್ರ ಬಳಸುವುದೇ ಲಾಭ.

ಇನ್ನೂ ಕೆಲವು ಎಚ್ಚರಿಕೆಗಳು:

1. ಮೂರು ಕಡ್ಡಿಯ ಉಪಕರಣವನ್ನು ಎರಡು ಕಡ್ಡಿಯ ಅಡಾಪ್ಟರಿಗೆ ಸಿಕ್ಕಿಸಿದರೆ ಅರ್ಥಿಂಗ್ ತಪ್ಪುತ್ತದೆ. ಲೋಹದ ಮೈಯುಳ್ಳ ಉಪಕರಣದಲ್ಲಿ ಇದು ಪ್ರಾಣಾಪಾಯ.

2. ಇಂಗ್ಲೆಂಡಿನ ಸಾಕೆಟ್ಟಿನ ಒಳಗೆ ಮುಚ್ಚಳವಿರುತ್ತದೆ. ಪೆನ್ನು, ಕಡ್ಡಿ ತೂರಿಸಿ ಅದನ್ನು ಸರಿಸಬಾರದು.

3. ಪವರ್ ಬ್ಯಾಂಕನ್ನು ವಿಮಾನದಲ್ಲಿ ಕೈಚೀಲದಲ್ಲೇ ಒಯ್ಯಬೇಕು. ಒಪ್ಪಿಸುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. 100 ವಾಟ್-ಅವರ್ ಮೀರಿದ್ದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು.

4. ಚಾರ್ಜಿಗೆ ಹಾಕಿದ ಮೊಬೈಲನ್ನು ದಿಂಬಿನ ಕೆಳಗೆ, ರಗ್ಗಿನೊಳಗೆ ಇಡಬಾರದು. ಪ್ಲಗ್ಗು ಕೈಸುಡುವಷ್ಟು ಬಿಸಿಯಾದರೆ ಕೂಡಲೇ ಸ್ವಿಚ್ ಆರಿಸಿ ತೆಗೆಯಬೇಕು.

5. ಉಬ್ಬಸದವರು ಬಳಸುವ ನೆಬ್ಯುಲೈಸರಿನಂಥ ಚಿಕಿತ್ಸೆಯ ಉಪಕರಣವನ್ನು ಅಂದಾಜಿನ ಮೇಲೆ ಹಾಕಲೇಬಾರದು. ಚೀಟಿ ಓದಿ, ಹೊರಡುವ ಮೊದಲೇ ಮಾರಿದವರನ್ನು ವಿಚಾರಿಸಿ. ಪರಸ್ಥಳದಲ್ಲಿ ನಡುರಾತ್ರಿ ಅದು ಕೆಟ್ಟರೆ ಕಷ್ಟ ಹಣದ್ದಲ್ಲ, ಉಸಿರಿನದು.

ಕನ್ನಡಕ ಹಾಕಿಕೊಂಡು ಎರಡು ನಿಮಿಷ ಚೀಟಿ ಓದುವುದಕ್ಕೆ ಖರ್ಚೇನೂ ಇಲ್ಲ. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿಕೊಳ್ಳಿ. ಹೊರಟವರಿಗೆ ಸುಖಪ್ರಯಾಣ ಕೋರುತ್ತೇವೆ.