ಸಾಲ, ಸಂತೆ, ಸಹಿ: ವ್ಯವಹಾರದ ಮಾತುಗಳನ್ನು ತಿಳಿಯಿರಿ



ಎತ್ತು ಕೊಳ್ಳಲು ಹೋದ ರೈತನು ಹಲ್ಲು ನೋಡದೆ, ಸುಳಿ ನೋಡದೆ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಹಣ ಬಿಚ್ಚುವುದಿಲ್ಲ. ಅದೇ ರೈತನ ಮುಂದೆ ಬ್ಯಾಂಕಿನಲ್ಲಿಯೋ ಸೊಸೈಟಿಯಲ್ಲಿಯೋ ಹತ್ತು ಪುಟದ ಕಾಗದವನ್ನಿಟ್ಟು, "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದು ಬೆರಳು ತೋರಿಸಿದರೆ, ತೋರಿಸಿದ ಕಡೆಯೆಲ್ಲ ರುಜು ಹಾಕಿ ಎದ್ದು ಬರುತ್ತಾನೆ. ಓದು ಬಾರದೆಂದು ಹೀಗೆ ಮಾಡುತ್ತಾನೆಂದಲ್ಲ. ಈಗ ಬಹಳ ಮನೆಗಳಲ್ಲಿ ಓದಬಲ್ಲವರಿದ್ದಾರೆ. ಅಕ್ಷರ ತಿಳಿಯುತ್ತದೆ, ಆದರೆ ಅದರಲ್ಲಿರುವ ಮಾತಿನ ಅರ್ಥ ತಿಳಿಯುವುದಿಲ್ಲ. ತಿಳಿಯಲಿಲ್ಲವೆಂದು ನಾಲ್ಕು ಜನರ ಮುಂದೆ ಕೇಳುವುದಕ್ಕೆ ಸಂಕೋಚ. ಈ ಸಂಕೋಚದಿಂದ ಹೊಲ ಕಳೆದುಕೊಂಡವರೂ ಉಂಟು. ಆದುದರಿಂದ ಈ ಸಲ ಗೊಬ್ಬರ, ಬೀಜದ ವಿಷಯವನ್ನು ಬದಿಗಿಟ್ಟು, ಕಾಗದಪತ್ರಗಳಲ್ಲಿ ಬರುವ ಕೆಲವು ಮಾತುಗಳನ್ನು ವಿವರಿಸುತ್ತೇವೆ.

ಮೊದಲು ಬಡ್ಡಿಯ ಮಾತು. ಊರಿನ ಸಾಹುಕಾರನು "ಎರಡು ರೂಪಾಯಿ ಬಡ್ಡಿ" ಎನ್ನುತ್ತಾನೆ. ಬ್ಯಾಂಕಿನವರು "ಶೇಕಡಾ 7" ಎನ್ನುತ್ತಾರೆ. ಎರಡು ಕಡಿಮೆ, ಏಳು ಹೆಚ್ಚು ಎಂದು ತಿಳಿದು ಸಾಹುಕಾರನ ಮನೆಗೆ ಹೋದರೆ ಲೆಕ್ಕ ತಪ್ಪಿತು. ಸಾಹುಕಾರನ ಎರಡು ರೂಪಾಯಿ ಎಂದರೆ ನೂರು ರೂಪಾಯಿಗೆ ತಿಂಗಳೊಂದಕ್ಕೆ ಎರಡು. ವರ್ಷಕ್ಕೆ ಅದು ಶೇಕಡಾ 24 ಆಗುತ್ತದೆ. ಬ್ಯಾಂಕಿನ 7 ಎಂದರೆ ನೂರಕ್ಕೆ ವರ್ಷಕ್ಕೆ ಏಳು. ಐವತ್ತು ಸಾವಿರ ರೂಪಾಯಿ ಸಾಲ ತಂದರೆ ಸಾಹುಕಾರನಿಗೆ ವರ್ಷದ ಬಡ್ಡಿ 12,000 ರೂಪಾಯಿ, ಬ್ಯಾಂಕಿಗೆ 3,500. ಸಾಹುಕಾರನು ತಿಂಗಳು ತಿಂಗಳು ಬಡ್ಡಿಯನ್ನು ಅಸಲಿಗೆ ಸೇರಿಸಿ, ಅದರ ಮೇಲೂ ಬಡ್ಡಿ ಹಾಕಿದರೆ ಅದು ಚಕ್ರಬಡ್ಡಿ. ಆಗ ವರ್ಷದ ಬಡ್ಡಿ 13,400 ರೂಪಾಯಿ ದಾಟುತ್ತದೆ. ಆದುದರಿಂದ ಬಡ್ಡಿಯ ದರ ಕೇಳಿದೊಡನೆ ಎರಡು ಪ್ರಶ್ನೆ ಕೇಳತಕ್ಕದ್ದು: ತಿಂಗಳಿಗೋ, ವರ್ಷಕ್ಕೋ? ಸರಳಬಡ್ಡಿಯೋ, ಚಕ್ರಬಡ್ಡಿಯೋ?

ಬೆಳೆಸಾಲದಲ್ಲಿ ಇನ್ನೊಂದು ಮಾತು ಬರುತ್ತದೆ. ಅದು "ಗಡುವು", ಎಂದರೆ ವಾಯಿದೆಯ ದಿನ. ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯಲ್ಲಿ ಮೂರು ಲಕ್ಷ ರೂಪಾಯಿವರೆಗಿನ ಬೆಳೆಸಾಲಕ್ಕೆ ಶೇಕಡಾ 7ರ ಬಡ್ಡಿ. ಗಡುವಿನೊಳಗೆ ತೀರಿಸಿದವರಿಗೆ ಅದರಲ್ಲಿ 3 ಬಿಟ್ಟು, 4 ಮಾತ್ರ ಬೀಳುತ್ತದೆ. ಮೇಲಿನ ಐವತ್ತು ಸಾವಿರಕ್ಕೆ ಆಗ ಎರಡೇ ಸಾವಿರ. ಗಡುವು ದಾಟಿದರೆ ಆ ರಿಯಾಯಿತಿ ಇಲ್ಲ. ಕಾಳು ಮಾರಲು ಇನ್ನೊಂದು ವಾರ ಕಾಯೋಣವೆಂದು ಗಡುವನ್ನು ದಾಟಿಸುವವರು, ಆ ವಾರದಲ್ಲಿ ಧಾರಣೆ ಎಷ್ಟು ಏರಬೇಕೆಂಬುದನ್ನೂ ಒಮ್ಮೆ ಲೆಕ್ಕ ಹಾಕಲಿ.

ಗಡುವು ದಾಟಿದ ಸಾಲಕ್ಕೆ ಸೊಸೈಟಿಯ ಪುಸ್ತಕದಲ್ಲಿ "ಸುಸ್ತಿ" ಎನ್ನುತ್ತಾರೆ. ನಮ್ಮವರಿಗೆ ಸುಸ್ತಿ ಎಂದರೆ ಆಯಾಸವೆಂದೇ ಅರ್ಥ. "ನಿಮ್ಮ ಸಾಲ ಸುಸ್ತಿಯಾಗಿದೆ" ಎಂಬ ನೋಟೀಸನ್ನು ಓದಿ, ಸಾಲಕ್ಕೂ ಸುಸ್ತಾಯಿತೇ ಎಂದು ನಕ್ಕವರಿದ್ದಾರೆ. ಇದು ನಗುವ ಮಾತಲ್ಲ. ಸುಸ್ತಿದಾರನಿಗೆ ಹೊಸ ಸಾಲ ಸಿಗುವುದು ಕಷ್ಟ. ಸೊಸೈಟಿಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕಿಗೂ ಅದರಿಂದ ತೊಡಕು ಬರುತ್ತದೆ. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ. ಅದನ್ನು ಕಟ್ಟಿದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಅಂಥ ನಾಡಿನವರು ನಮ್ಮ ಸಂಘದ ಮತವನ್ನು ಒಂದು ಮಾತು ತಿಳಿಯದ ಕಾರಣಕ್ಕೆ ಕಳೆದುಕೊಳ್ಳಬಾರದು.

ಇನ್ನು ರುಜುವಿನ ವಿಷಯ. ಒಂದೇ ಕಾಗದದಲ್ಲಿ ನಾಲ್ಕು ಜನ ರುಜು ಹಾಕಿದರೂ ನಾಲ್ವರ ಹೊಣೆಯೂ ಒಂದೇ ಅಲ್ಲ. "ಅಣ್ಣಾ, ಒಂದು ರುಜು ಹಾಕು, ಸಾಕ್ಷಿಗೆ ಅಷ್ಟೇ" ಎಂದು ಪಕ್ಕದ ಮನೆಯವನು ಕರೆದುಕೊಂಡು ಹೋಗುತ್ತಾನೆನ್ನಿ. ರುಜುವಿನ ಕೆಳಗೆ "ಸಾಕ್ಷಿ" ಎಂದು ಅಚ್ಚಾಗಿದ್ದರೆ, ಅವನು ರುಜು ಹಾಕಿದ್ದನ್ನು ನೀವು ಕಂಡಿರಿ ಎಂದಷ್ಟೇ ಅರ್ಥ. ಸಾಲಕ್ಕೆ ನೀವು ಬದ್ಧರಲ್ಲ. "ಜಾಮೀನುದಾರ" ಎಂದಿದ್ದರೆ ಮಾತೇ ಬೇರೆ. 1872ರ ಕರಾರು ಕಾಯಿದೆಯ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ಸಾಲಗಾರನ ಹೊಲ, ಮನೆಯ ಮೇಲೆ ಹೋಗಿ, ಅಲ್ಲಿ ಹುಟ್ಟದಿದ್ದರೆ ಮಾತ್ರ ಜಾಮೀನುದಾರನಲ್ಲಿಗೆ ಬರಬೇಕೆಂಬ ಕಟ್ಟು ಇಲ್ಲ. ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು. "ಸಹ ಸಾಲಗಾರ" ಎಂದಿದ್ದರೆ ಆ ಸಾಲ ನಿಮ್ಮದೇ ಎಂದು ತಿಳಿಯಿರಿ. ನೆಂಟಸ್ತಿಕೆಗೆ ಕಟ್ಟುಬಿದ್ದು ಜಾಮೀನು ನಿಲ್ಲಬಾರದೆಂದು ನಾವು ಹೇಳುವುದಿಲ್ಲ. ಹಳ್ಳಿಯಲ್ಲಿ ಒಬ್ಬರಿಗೊಬ್ಬರು ಆಗದೆ ಬಾಳುವೆ ನಡೆಯದು. ಜಾಮೀನೆಂದು ತಿಳಿದೇ ನಿಲ್ಲಿ, ಸಾಕ್ಷಿಯೆಂದು ಭ್ರಮಿಸಿ ನಿಲ್ಲಬೇಡಿ.

ಎಲ್ಲಕ್ಕಿಂತ ಎಚ್ಚರ ಬೇಕಾದುದು ಜಮೀನಿನ ಪತ್ರದಲ್ಲಿ. ಇಲ್ಲಿ ಮೂರು ಮಾತುಗಳಿವೆ: ಅಡಮಾನ, ಭೋಗ್ಯ, ಕ್ರಯ. ಸಾದಾ ಅಡಮಾನದಲ್ಲಿ ಜಮೀನು ನಿಮ್ಮ ಸ್ವಾಧೀನದಲ್ಲೇ ಇರುತ್ತದೆ. ನೀವೇ ಉಳುತ್ತೀರಿ, ಸಾಲಕ್ಕೆ ಅದು ಆಧಾರ ಮಾತ್ರ. ಭೋಗ್ಯದಲ್ಲಿ ಸ್ವಾಧೀನವನ್ನು ಹಣ ಕೊಟ್ಟವನಿಗೆ ಬಿಟ್ಟುಕೊಡುತ್ತೀರಿ. ಬಡ್ಡಿಯ ಬದಲು ಬೆಳೆಯನ್ನು ಅವನು ಉಣ್ಣುತ್ತಾನೆ. ಪತ್ರದಲ್ಲಿ ಬರೆದಂತೆ ಹಣ ತೀರಿದ ಮೇಲೆ ಜಮೀನು ಹಿಂದಕ್ಕೆ ಬರಬೇಕು. ಕ್ರಯ ಎಂದರೆ ಮಾರಾಟ. "ಶುದ್ಧ ಕ್ರಯಪತ್ರ" ಎಂದರೆ ಯಾವ ಷರತ್ತೂ ಇಲ್ಲದ ಮಾರಾಟ. ಅಲ್ಲಿಗೆ ನಿಮ್ಮ ಹಕ್ಕು ಮುಗಿಯಿತು.

ಮೋಸ ನಡೆಯುವುದು ಹೀಗೆ. ಮಗಳ ಮದುವೆಗೋ ಆಸ್ಪತ್ರೆಗೋ ಹಣ ಬೇಕಾಗುತ್ತದೆ. ಹಣ ಕೊಡುವವನು, "ಭೋಗ್ಯವೆಂದರೆ ಕಾಗದ ಹೆಚ್ಚು. ಸುಮ್ಮನೆ ಕ್ರಯವೆಂದು ಬರೆಸೋಣ. ಮೂರು ವರ್ಷದೊಳಗೆ ಹಣ ಕೊಟ್ಟರೆ ತಿರುಗಿ ನಿನ್ನ ಹೆಸರಿಗೇ ಬರೆದುಕೊಡುತ್ತೇನೆ. ಊರಿನ ಹಿರಿಯರ ಮುಂದೆ ಮಾತು" ಎನ್ನುತ್ತಾನೆ. ಮಾತು ಕೊಟ್ಟವನು ಒಳ್ಳೆಯವನೇ ಇರಬಹುದು. ಅವನ ಮಕ್ಕಳು ಹೇಗೋ ಯಾರು ಬಲ್ಲರು? ಹೀಗೆ ಷರತ್ತಿನ ಮೇಲೆ ಮಾಡಿದ ಕ್ರಯವನ್ನು ಕಾಯಿದೆಯು ಅಡಮಾನವೆಂದು ಒಪ್ಪುವುದುಂಟು. ಆದರೆ 1882ರ ಆಸ್ತಿ ವರ್ಗಾವಣೆ ಕಾಯಿದೆಗೆ 1929ರಲ್ಲಿ ಆದ ತಿದ್ದುಪಡಿಯಂತೆ, ಆ ಷರತ್ತು ಕ್ರಯಪತ್ರದ ಒಳಗೇ ಬರೆದಿರಬೇಕು. ಬೇರೆ ಕಾಗದದಲ್ಲಿ ಬರೆದುಕೊಂಡರೆ ಅದು ಅಡಮಾನವೆಂದು ನಿಲ್ಲದು. ಬಾಯಿಮಾತಿನ ಗತಿ ಏನೆಂದು ಬೇರೆ ಹೇಳಬೇಕಾಗಿಲ್ಲ. ಆದುದರಿಂದ ಪತ್ರದ ತಲೆಬರಹವನ್ನು ಓದಿ. "ಕ್ರಯ" ಎಂಬ ಮಾತು ಕಂಡರೆ, ಮಾರುವ ಮನಸ್ಸಿಲ್ಲದವರು ಅಲ್ಲಿಂದ ಎದ್ದು ಬರತಕ್ಕದ್ದು. ಹೊರಗೆ ಬಂದು, ತಿಳಿದವರಿಂದ ಪೂರ್ತಿ ಓದಿಸಿ, ಆಮೇಲೆ ಯೋಚಿಸಿ.

ಸಾಲ ತೀರಿಸಿದ ಮೇಲೂ ಕೆಲಸ ಉಳಿದಿದೆ. "ಬೇಬಾಕಿ ಪ್ರಮಾಣಪತ್ರ" ಎಂದರೆ ಬಾಕಿ ಏನೂ ಇಲ್ಲವೆಂದು ಬ್ಯಾಂಕು ಅಥವಾ ಸೊಸೈಟಿ ಕೊಡುವ ಪತ್ರ. ಅದನ್ನು ಪಡೆದು, ಪಹಣಿಯಲ್ಲಿ (ಕೆಲವು ಸೀಮೆಯವರು ಇದನ್ನೇ ಉತಾರ ಎನ್ನುತ್ತಾರೆ) ಸಾಲದ ನಮೂದು ಹೋಗಿದೆಯೇ ಎಂದು ನೋಡಬೇಕು. 9ನೇ ಕಲಂನಲ್ಲಿ ಮಾಲೀಕನ ಹೆಸರು, 11ನೇ ಕಲಂನಲ್ಲಿ ಇತರೆ ಹಕ್ಕುಗಳು ಮತ್ತು ಋಣಗಳು ಇರುತ್ತವೆ. ಯಾವಾಗಲೋ ತೀರಿದ ಸಾಲ 11ನೇ ಕಲಂನಲ್ಲಿ ಉಳಿದುಕೊಂಡು, ಮಕ್ಕಳ ಕಾಲದಲ್ಲಿ ಹೊಸ ಸಾಲಕ್ಕೆ ಅಡ್ಡ ಬರುವುದುಂಟು. ಉಪನೋಂದಣಿ ಕಚೇರಿಯಿಂದ ಸಿಗುವ "ಋಣಭಾರ ಪತ್ರ"ದಲ್ಲಿ ಆ ಜಮೀನಿನ ಮೇಲೆ ನೋಂದಣಿಯಾದ ವ್ಯವಹಾರಗಳು ತಿಳಿಯುತ್ತವೆ. ನಮೂನೆ 15 ಬಂದರೆ ವ್ಯವಹಾರ ಇದೆ, ನಮೂನೆ 16 ಬಂದರೆ ನೀವು ಕೇಳಿದ ಅವಧಿಯಲ್ಲಿ ಯಾವುದೂ ಇಲ್ಲ ಎಂದರ್ಥ. ಜಮೀನು ಕೊಳ್ಳುವವರಿಗೆ ಇದು ಮೊದಲ ಕಾಗದ.

ಮಾರುಕಟ್ಟೆಯ ಮಾತುಗಳು ನಿಮಗೆ ಹೆಚ್ಚು ಬಳಕೆಯಲ್ಲಿವೆ. ಅಡಿಕೆ ಬೆಳೆಯುವವರಿಗೆ ಶಿವಮೊಗ್ಗದ ಸರಕು, ಬೆಟ್ಟೆ, ರಾಶಿ, ಗೊರಬಲುಗಳ ವ್ಯತ್ಯಾಸವನ್ನು ನಾವು ಕಲಿಸಬೇಕಾಗಿಲ್ಲ, ಅವರೇ ನಮಗೆ ಕಲಿಸಿಯಾರು. ಆದರೂ ಒಂದು ಮಾತಿನಲ್ಲಿ ಅನೇಕರು ಎಡವುತ್ತಾರೆ. ಧಾರಣೆಯ ಪಟ್ಟಿಯಲ್ಲಿ "ಆವಕ", "ಕನಿಷ್ಠ", "ಗರಿಷ್ಠ", "ಮಾದರಿ" ಎಂದು ಇರುತ್ತದೆ. ಆವಕ ಎಂದರೆ ಆ ದಿನ ಬಂದ ಮಾಲು. ಮಾದರಿ ಎಂದರೆ ಇಲ್ಲಿ ಅಂಗೈಯಲ್ಲಿ ತೋರಿಸುವ ಸ್ಯಾಂಪಲ್ಲಲ್ಲ. ಹೆಚ್ಚಿನ ಮಾಲು ಮಾರಿದ ಧಾರಣೆ. ಹತ್ತು ರಾಶಿ ಕಾಳಿನಲ್ಲಿ ಒಂದು ಕ್ವಿಂಟಾಲಿಗೆ 3,600ಕ್ಕೆ, ಏಳು 3,000ಕ್ಕೆ, ಎರಡು 2,700ಕ್ಕೆ ಹೋದವೆನ್ನಿ. ಆಗ ಗರಿಷ್ಠ 3,600, ಕನಿಷ್ಠ 2,700, ಮಾದರಿ 3,000. ಪತ್ರಿಕೆಯಲ್ಲಿ ಗರಿಷ್ಠವನ್ನು ನೋಡಿ ಗಾಡಿ ಕಟ್ಟಿದವನು ಮಾರುಕಟ್ಟೆಯಲ್ಲಿ ಜಗಳವಾಡಿ ಬರುತ್ತಾನೆ. ಮನೆ ಬಿಡುವ ಮೊದಲು ನೋಡಬೇಕಾದುದು ಮಾದರಿ ಧಾರಣೆಯನ್ನು.

ತೂಕದಲ್ಲಿ "ಒಟ್ಟು" ಎಂದರೆ ಚೀಲ ಸಹಿತ, "ನಿವ್ವಳ" ಎಂದರೆ ಚೀಲದ ತೂಕ ಕಳೆದದ್ದು. ಇಷ್ಟು ನ್ಯಾಯ. ಅದರ ಮೇಲೆ "ಸೂಟು" ಎಂದು ಚೀಲಕ್ಕೆ ಒಂದೆರಡು ಕಿಲೋ ಹಿಡಿದುಕೊಂಡರೆ, ಅದು ಯಾವ ನಿಯಮದಲ್ಲಿದೆ ತೋರಿಸಿರಿ ಎಂದು ಮಾರುಕಟ್ಟೆ ಸಮಿತಿಯ ಕಚೇರಿಯಲ್ಲಿ ಕೇಳಿ. ನಿಯಂತ್ರಿತ ಮಾರುಕಟ್ಟೆಗಳನ್ನು ಮಾಡಿದ್ದೇ ಇಂಥ ಕಡಿತಗಳನ್ನು ತಡೆಯುವುದಕ್ಕೆ. ಮಾರುಕಟ್ಟೆ ಶುಲ್ಕವನ್ನು ಕೊಡತಕ್ಕವನು ಕೊಳ್ಳುವವನು. ಅದು ನಿಮ್ಮ ಲೆಕ್ಕದ ಚೀಟಿಯಲ್ಲಿ ಕಳೆದಿದ್ದರೆ ಅದನ್ನೂ ಕೇಳಿ.

ಕೊನೆಗೆ, ಪತ್ರ ಬರೆಯುವ ರೀತಿ. ಕಚೇರಿಗೆ ಬರೆಯುವಾಗ ನಮ್ಮ ಕಷ್ಟವನ್ನೆಲ್ಲ ತೋಡಿಕೊಂಡು, ಕೇಳಬೇಕಾದುದನ್ನು ಕೊನೆಯ ಸಾಲಿನಲ್ಲಿ ಇಡುತ್ತೇವೆ. ಓದುವವರು ಅಲ್ಲಿಯವರೆಗೆ ಹೋಗುವುದಿಲ್ಲ. ಒಂದು ಪತ್ರದಲ್ಲಿ ಒಂದೇ ವಿಷಯ ಸಾಕು. ಮಾದರಿಗೆ:

"ಕಾರ್ಯದರ್ಶಿಗಳು, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಇವರಿಗೆ.
ವಿಷಯ: ಬೇಬಾಕಿ ಪ್ರಮಾಣಪತ್ರ ಕೊಡುವ ಬಗ್ಗೆ.
ಮಾನ್ಯರೇ, ನನ್ನ ಸಾಲದ ಖಾತೆ ಸಂಖ್ಯೆ ಇಂಥದು. ಅಸಲು, ಬಡ್ಡಿ ಸಹಿತ ಪೂರ್ತಿ ಹಣವನ್ನು ಇಂಥ ತಾರೀಖಿನಂದು ಕಟ್ಟಿರುತ್ತೇನೆ. ರಸೀತಿಯ ನಕಲನ್ನು ಲಗತ್ತಿಸಿದೆ. ಬೇಬಾಕಿ ಪ್ರಮಾಣಪತ್ರ ಕೊಟ್ಟು, ಪಹಣಿಯ 11ನೇ ಕಲಂನಲ್ಲಿರುವ ಸಾಲದ ನಮೂದನ್ನು ತೆಗೆಸಲು ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ."

ಕೆಳಗೆ ಹೆಸರು, ಊರು, ಸರ್ವೆ ನಂಬರು, ತಾರೀಖು, ರುಜು. ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ "ಸ್ವೀಕರಿಸಿದೆ" ಎಂದು ಬರೆಸಿ, ತಾರೀಖಿನ ಸಮೇತ ಮೊಹರು ಹಾಕಿಸಿಕೊಂಡು, ಪಹಣಿ ಇಡುವ ಪೆಟ್ಟಿಗೆಯಲ್ಲೇ ಇಡಿ.