ಆತಿಥೇಯ ಸಂಸ್ಕಾರಕದ ಶಕ್ತಿಗಳೂ ಅತಿಥಿ ಯಂತ್ರವೂ

ಒಂದೇ ಗಣಕಯಂತ್ರದೊಳಗೆ ಹಲವು ಯಂತ್ರಗಳಿರುವಂತೆ ತೋರಿಸುವ ವಿದ್ಯೆ ಹೊಸದಲ್ಲ. ಐ.ಬಿ.ಎಂ. ಸಂಸ್ಥೆಯು 1972ರಲ್ಲಿ ವಿ.ಎಂ./370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಇಂಥ ರಚನೆಗೆ ಸಂಸ್ಕಾರಕದಲ್ಲಿ ಯಾವ ಲಕ್ಷಣಗಳಿರಬೇಕೆಂಬುದನ್ನು 1974ರಲ್ಲಿ ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ನಿರೂಪಿಸಿದರು. ಎಕ್ಸ್86 ವರ್ಗದ ಸಂಸ್ಕಾರಕಗಳಿಗೆ ಈ ಅನುಕೂಲವು 2005–06ರಲ್ಲಿ ದೊರೆಯಿತು, 2007ರಲ್ಲಿ ಕೆ.ವಿ.ಎಂ. ಎಂಬ ಹೈಪರ್‌ವೈಸರು ಲಿನಕ್ಸಿನ ಅಂಗವಾಯಿತು. ನಿಜವಾದ ಯಂತ್ರವನ್ನು ಆತಿಥೇಯವೆಂದೂ ಅದರ ಆಶ್ರಯದಲ್ಲಿ ನಡೆಯುವ ವರ್ಚುಯಲ್ ಯಂತ್ರವನ್ನು ಅತಿಥಿಯೆಂದೂ ಕರೆಯುವೆವು. ಆತಿಥೇಯ ಸಂಸ್ಕಾರಕದ ಶಕ್ತಿಗಳಲ್ಲಿ ಎಷ್ಟನ್ನು ಅತಿಥಿಗೆ ತೋರಿಸತಕ್ಕದ್ದು ಎಂಬುದೇ ಇಲ್ಲಿ ನಮ್ಮ ವಿಚಾರ.

ತಾನು ನಡೆಯುತ್ತಿರುವ ಸಂಸ್ಕಾರಕದ ಸಾಮರ್ಥ್ಯವನ್ನು ತಿಳಿಯಲು ಪ್ರೋಗ್ರಾಮು ಸಿ.ಪಿ.ಯು.ಐ.ಡಿ. ಎಂಬ ಆಜ್ಞೆಯನ್ನು ಬಳಸುತ್ತದೆ. ಉತ್ತರವು ಬಿಟ್ಟುಗಳ ರೂಪದಲ್ಲಿ ಬರುತ್ತದೆ. ಉದಾಹರಣೆಗೆ, 1 ಎಂಬ ಪ್ರಶ್ನೆಗೆ ಇ.ಸಿ.ಎಕ್ಸ್. ರಿಜಿಸ್ಟರಿನಲ್ಲಿ ಬರುವ ಉತ್ತರದ 25ನೆಯ ಬಿಟ್ಟು, ಸೊನ್ನೆಯಿಂದ ಎಣಿಸಿದರೆ, ಎ.ಇ.ಎಸ್. ಗೂಢಲೇಖನದ ಆಜ್ಞೆಗಳು ಇವೆಯೇ ಎಂಬುದನ್ನು ತಿಳಿಸುತ್ತದೆ. ಇಂಟೆಲ್ ಸಂಸ್ಕಾರಕದಲ್ಲಿ ಅತಿಥಿಯು ಈ ಪ್ರಶ್ನೆಯನ್ನು ಕೇಳಿದೊಡನೆ ಅಧಿಕಾರವು ತಪ್ಪದೆ ಹೈಪರ್‌ವೈಸರಿಗೆ ಹೋಗುತ್ತದೆ. ಆದುದರಿಂದ ಉತ್ತರ ಕೊಡುವುದು ಸಂಸ್ಕಾರಕವಲ್ಲ, ಹೈಪರ್‌ವೈಸರು.

ಈ ಉತ್ತರವನ್ನು ರೂಪಿಸಲು ಮೂರು ಮಾರ್ಗಗಳುಂಟು. ಮೊದಲನೆಯದು, ಎಲ್ಲ ಯಂತ್ರಗಳಿಗೂ ಹೊಂದುವ ಅತ್ಯಲ್ಪ ಶಕ್ತಿಯ ಮಾದರಿಯನ್ನು ತೋರಿಸುವುದು. ಕ್ಯೂಎಮು ತಂತ್ರಾಂಶದ ‘ಕ್ಯೂಎಮು64’ ಈ ಬಗೆಯದು. ಇದರಿಂದ ಆಗುವ ನಷ್ಟ ಅಲ್ಪವಲ್ಲ. 2022ರಲ್ಲಿ ಹೊರಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9, ಎಸ್.ಎಸ್.ಇ. 4.2 ಮೊದಲಾದ ಆಜ್ಞೆಗಳನ್ನು ಅಪೇಕ್ಷಿಸುತ್ತದೆ. ಮಾದರಿಯು ಅವನ್ನು ತೋರಿಸದಿದ್ದರೆ, ಆತಿಥೇಯ ಯಂತ್ರವು ಎಷ್ಟೇ ಹೊಸದಾಗಿದ್ದರೂ ಅತಿಥಿಯು ಆರಂಭವಾಗುವುದೇ ಇಲ್ಲ.

ಎರಡನೆಯದು, ‘ಹೋಸ್ಟ್’ ಎಂಬ ಮಾದರಿ. ಇದರಲ್ಲಿ ಕೆ.ವಿ.ಎಂ. ಒದಗಿಸಬಲ್ಲ ಆತಿಥೇಯ ಶಕ್ತಿಗಳೆಲ್ಲವೂ ಅತಿಥಿಗೆ ಕಾಣುತ್ತವೆ. ವೇಗಕ್ಕೆ ಇದೇ ಉತ್ತಮ. ಆದರೆ ಇಲ್ಲಿ ಒಂದು ಅಪಾಯವುಂಟು. ನಡೆಯುತ್ತಿರುವ ಅತಿಥಿಯನ್ನು ನಿಲ್ಲಿಸದೆ ಒಂದು ಆತಿಥೇಯದಿಂದ ಇನ್ನೊಂದಕ್ಕೆ ಸಾಗಿಸುವ ಪದ್ಧತಿ ಇದೆಯಷ್ಟೆ. ಪ್ರೋಗ್ರಾಮುಗಳು ಸಾಮಾನ್ಯವಾಗಿ ಆರಂಭದಲ್ಲಿ ಒಮ್ಮೆ ಮಾತ್ರ ಪ್ರಶ್ನೆ ಕೇಳಿ, ದೊರೆತ ಉತ್ತರವನ್ನೇ ಕೊನೆಯವರೆಗೂ ನಂಬುತ್ತವೆ. 2013ರ ಹ್ಯಾಸ್ವೆಲ್ ಸಂಸ್ಕಾರಕದಲ್ಲಿ ಎ.ವಿ.ಎಕ್ಸ್.2 ಆಜ್ಞೆಗಳನ್ನು ಕಂಡು ಅವನ್ನೇ ಆಯ್ದುಕೊಂಡ ಪ್ರೋಗ್ರಾಮು, ಅವಿಲ್ಲದ ಹಳೆಯ ಯಂತ್ರಕ್ಕೆ ಹೋದರೆ, ಮುಂದಿನ ಅಂಥ ಆಜ್ಞೆಯಲ್ಲಿಯೇ ಸಾಯುತ್ತದೆ. ಹಲವು ದಿನಗಳ ಗಣನೆ ಹೀಗೆ ಒಂದು ಕ್ಷಣದಲ್ಲಿ ವ್ಯರ್ಥವಾಗಬಹುದು.

ಮೂರನೆಯದು, ಹೆಸರಿರುವ ಒಂದು ಮಾದರಿಯನ್ನು ಗೊತ್ತುಮಾಡುವುದು. ಸಮೂಹದ ಎಲ್ಲ ಯಂತ್ರಗಳಲ್ಲಿಯೂ ಸಮಾನವಾಗಿರುವ ಶಕ್ತಿಗಳನ್ನು ಮಾತ್ರ ತೋರಿಸಿದರೆ ಸ್ಥಾನಾಂತರವು ಈ ಅಪಾಯದಿಂದ ಪಾರಾಗುತ್ತದೆ.

ಇಲ್ಲಿ ಎರಡು ಸೂಕ್ಷ್ಮಗಳನ್ನು ಗಮನಿಸಬೇಕು. ಮರೆಮಾಡುವುದು ನಿಷೇಧಿಸುವುದಕ್ಕೆ ಸಮಾನವಲ್ಲ, ಎ.ಇ.ಎಸ್. ಬಿಟ್ಟನ್ನು ಅಳಿಸಿದ ಮಾತ್ರಕ್ಕೆ ಆ ಆಜ್ಞೆಗಳು ನಿಲ್ಲುವುದಿಲ್ಲ, ಕೇಳದೆಯೇ ಬಳಸುವ ಪ್ರೋಗ್ರಾಮಿಗೆ ಅವು ನಡೆದೇ ನಡೆಯುತ್ತವೆ. ಇನ್ನು, ಮರೆಮಾಡುವುದು ಯಾವಾಗಲೂ ಕ್ಷೇಮಕರವೂ ಅಲ್ಲ. 2018ರಲ್ಲಿ ಸ್ಪೆಕ್ಟರ್ ದೋಷವು ಬಹಿರಂಗವಾದಾಗ ಸಂಸ್ಕಾರಕಗಳಿಗೆ ಹೊಸ ರಕ್ಷಣಾ ನಿಯಂತ್ರಣಗಳು ಬಂದವು. ಹಳೆಯ ಮಾದರಿಯು ಅವನ್ನು ಅತಿಥಿಗೆ ತಿಳಿಸದಿದ್ದರೆ, ಕವಚವಿದ್ದೂ ಅತಿಥಿಯು ಅದನ್ನು ತೊಡಲಾರದು. ಆ ಕಾರಣದಿಂದಲೇ ಕ್ಯೂಎಮುವಿನಲ್ಲಿ ಐ.ಬಿ.ಆರ್.ಎಸ್. ಎಂಬ ಪ್ರತ್ಯಯವುಳ್ಳ ಹೊಸ ಮಾದರಿಗಳು ಸೇರಿದವು.

ಒಟ್ಟಿನಲ್ಲಿ, ಅತಿಥಿಯು ಒಂದೇ ಯಂತ್ರದಲ್ಲಿ ನೆಲಸುವುದಾದರೆ ‘ಹೋಸ್ಟ್’ ಮಾದರಿಯೂ, ಯಂತ್ರದಿಂದ ಯಂತ್ರಕ್ಕೆ ಸಂಚರಿಸುವುದಾದರೆ ಸಮಾನ ಮಾದರಿಯೂ ಯುಕ್ತವೆಂದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಗಳು ಅತಿಥಿಯೊಳಗೆ ‘ಎಲ್‌ಎಸ್‌ಸಿಪಿಯು’ ಆದೇಶವನ್ನು ಕೊಟ್ಟು, ಅದರ ಪಟ್ಟಿಯನ್ನು ಆತಿಥೇಯದ ಪಟ್ಟಿಯೊಡನೆ ಹೋಲಿಸಿ ನೋಡಲಿ. ತೋರಿಸಿದುದೆಷ್ಟು, ಮರೆಮಾಡಿದುದೆಷ್ಟು ಎಂಬುದು ಆಗ ಅವರಿಗೇ ವಿಶದವಾಗುವುದು.